ನೆನಪು ಕೆಲಸವಲ್ಲ

ಪ್ಯಾಂಟಿನ ಬಲಗಾಲನ್ನು ಮೊಣಕಾಲಿನ ಹತ್ತಿರ ಮೇಲಕ್ಕೆ ಮಡಚಿ, ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನನ್ನು ತೆಗೆದು ಆಕೆ ಚುಚ್ಚಿದಳು. ಸೊಟ್ಟಗಾಯಿತು. ಬಿಚ್ಚಿ ಇನ್ನೊಂದು ಸಲ ಚುಚ್ಚಿದಳು.

"ಅಮ್ಮಾ, ಇವತ್ತೂ ಪಿನ್ ಬೇಕಾ?" ಮಗಳು ಮೆಲ್ಲಗೆ ಕೇಳಿದಳು.

"ಬೇಕು. ಜೋತಾಡಿದ್ರೆ ನಿಮ್ಮಪ್ಪಂಗೆ ಆಗಿಬರಲ್ಲ. ಗೊತ್ತಿಲ್ವಾ ನಿಂಗೆ?"

ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಸಿಗೆಯ ಮೇಲೆ ಮಲಗಿದ್ದ. ಹಿಂದಿನ ದಿನ ಬೆಳಿಗ್ಗೆ ಟೀ ಲೋಟ ಕೆಳಗಿಟ್ಟು, "ಇವತ್ತು ಸಕ್ಕರೆ ಸರಿಯಾಗಿದೆ" ಎಂದು ಹೇಳಿ, ಗೋಡೆಗೊರಗಿ ಕಣ್ಣು ಮುಚ್ಚಿದವನು ಮತ್ತೆ ತೆರೆದಿರಲಿಲ್ಲ. ಎಪ್ಪತ್ತು ತುಂಬಲು ಎರಡೇ ತಿಂಗಳು ಬಾಕಿಯಿತ್ತು. ಅದರಲ್ಲಿ ಮೂವತ್ತೊಂದು ವರ್ಷ ಒಂಟಿ ಕಾಲಿನಲ್ಲಿ ಕಳೆದಿದ್ದ. "ಸುಖವಾಗಿ ಹೋದ ಪುಣ್ಯಾತ್ಮ" ಎಂದು ಬಂದವರೆಲ್ಲ ಹೇಳುತ್ತಿದ್ದರು. ಆಕೆಗೂ ಹಾಗೇ ಅನ್ನಿಸುತ್ತಿತ್ತು. ಅತ್ತು ಅತ್ತು ಎದೆ ಹಗುರಾಗಿತ್ತು. ಹೊಟ್ಟೆಯೂ ಹಸಿಯುತ್ತಿತ್ತು, ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಉದ್ದಣ್ಣ ಒಳಗೆ ಬಂದ. ನಗರಸಭೆಯ ನೀರಿನ ವಿಭಾಗದಲ್ಲಿ ಗಂಡನ ಜೊತೆ ವರ್ಷಗಟ್ಟಲೆ ಗುಂಡಿ ತೋಡಿದವನು. ಎತ್ತರ ನೋಡಿ ಜನ ಇಟ್ಟ ಹೆಸರು ಅದು. ಮೊಣಕಾಲಿನವರೆಗೂ ಒದ್ದೆಯಾಗಿದ್ದ.

"ಅತ್ತಿಗೆ, ಗಾಡಿ ಬರೋ ಹಾಗಿಲ್ಲ. ಕೆಳಗಿನ ರಸ್ತೇಲಿ ದೊಡ್ಡ ಪೈಪು ಒಡೆದಿದೆ. ನೀರು ಹೊಳೆ ಥರ ಹರೀತಿದೆ."

ಮೊದಲು ನಕ್ಕವಳು ಮಗಳೇ. "ಅಪ್ಪನ್ನ ನೋಡೋಕೆ ನೀರೇ ಬಂದಿದೆ ನೋಡು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ವಾಲ್ವು ಮುಚ್ಚಿದ್ರಾಯ್ತಲ್ಲ?" ಆಕೆ ಕೇಳಿದಳು.

"ಎಲ್ಲಿದೆ ಅಂತ ಗೊತ್ತಾಗಬೇಕಲ್ಲ! ಹೊಸ ಎಂಜಿನಿಯರು ನಕ್ಷೆ ಹಿಡ್ಕೊಂಡು ಮೂರು ಕಡೆ ಅಗೆಸಿದಾನೆ. ಮೂರೂ ಕಡೆ ಬರೀ ಮಣ್ಣು. ನಾನು ಅಗೆಯೋನು ಅತ್ತಿಗೆ, ಎಲ್ಲಿ ಅಗೀಬೇಕು ಅಂತ ಹೇಳ್ತಿದ್ದೋನು ಇವನು." ಉದ್ದಣ್ಣ ಹಾಸಿಗೆಯ ಕಡೆ ನೋಡಿದ. "ಇವನು ನೋಡಿದ್ರೆ ಆರಾಮಾಗಿ ಮಲಗಿಬಿಟ್ಟಿದಾನೆ."

*

ಬಡಾವಣೆಗೆಲ್ಲ ನೀರು ಬಿಡುತ್ತಿದ್ದ ಆಕೆಯ ಗಂಡನನ್ನು ಜನ ನೀರಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ ಆಳೆತ್ತರದ ಗುಂಡಿಯಲ್ಲಿಳಿದು ಪೈಪಿನ ಸಂದು ಬಿಗಿಯುತ್ತಿದ್ದಾಗ ಮಗ್ಗುಲಿನ ಮಣ್ಣು ಕುಸಿಯಿತು. ಉದ್ದಣ್ಣ ಬರಿಗೈಯಲ್ಲಿ ಮಣ್ಣು ಬಗೆದು ಹೊರಗೆಳೆದ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಅಂಗವೈಕಲ್ಯ ಪಿಂಚಣಿಗೆ ಎರಡು ವರ್ಷ ಅಲೆದಾಡಿದ್ದಾಯಿತು. ಆಕೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದಳು. ಮನೆಯಲ್ಲಿದ್ದ ಗಂಡ ಅಡುಗೆ ಕಲಿತ, ಮಗಳ ತಲೆ ಬಾಚುವುದನ್ನು ಕಲಿತ. ಪಿಂಚಣಿ ಮಂಜೂರಾದ ಮೇಲೂ ವರ್ಷಕ್ಕೊಮ್ಮೆ ವೈದ್ಯರ ಮಂಡಳಿಯ ಮುಂದೆ ಕುಳಿತು ಕಾಲಿಲ್ಲವೆಂದು ತೋರಿಸಿ ಬರಬೇಕಿತ್ತು.

"ಕಾಲು ಹೇಗಿದೆ?" ಹಿರಿಯ ಡಾಕ್ಟರು ಕಾಗದದಿಂದ ತಲೆಯೆತ್ತದೆ ಕೇಳುತ್ತಿದ್ದರು.

"ಹೋದ ವರ್ಷ ಇದ್ದ ಹಾಗೇ ಡಾಕ್ಟ್ರೇ. ಚಿಗುರಿದ್ರೆ ಮೊದಲು ನಿಮಗೇ ಹೇಳಿ ಕಳಿಸ್ತೀನಿ."

ಕಾಲು ಹೋದ ಒಂಬತ್ತನೆಯ ವರ್ಷ ಆಸ್ಪತ್ರೆಯ ಎದುರಿನ ಪೈಪು ಒಡೆಯಿತು. ವಿಭಾಗದವರು ಮನೆಗೇ ಬಂದು ಕರೆದೊಯ್ದರು. ನೀರಣ್ಣ ಊರುಗೋಲಿನಿಂದ ನೆಲ ಕುಟ್ಟಿ ವಾಲ್ವಿನ ಜಾಗ ತೋರಿಸಿದ. ಮಾರನೆಯ ದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಬೀದಿಯವರೆಲ್ಲ ಮೆಚ್ಚಿಕೊಂಡರು. ಮೂರನೆಯ ವಾರ ಪಿಂಚಣಿ ನಿಂತಿತು. ಕೆಲಸ ಮಾಡಲು ಶಕ್ತನಾಗಿದ್ದಾನೆ ಎಂದು ಕಾರಣ ಕೊಟ್ಟಿದ್ದರು.

ವಿಚಾರಣೆಯ ದಿನ ಆಕೆಯೂ ಹೋಗಿದ್ದಳು. ಹೇಳಿಕೆ ಬರೆದುಕೊಳ್ಳಲು ಕೂತಿದ್ದವಳು ಆಗತಾನೆ ಕೆಲಸಕ್ಕೆ ಸೇರಿದ್ದ ಗುಮಾಸ್ತೆ.

"ಆ ದಿನ ನೀವು ಕೆಲಸ ಮಾಡಿದ್ರಾ?"

"ಇಲ್ಲಮ್ಮ. ನೆನಪು ಮಾಡ್ಕೊಂಡೆ."

"ಊರುಗೋಲಿಂದ ನೆಲ ಕುಟ್ಟಿದ್ರಂತೆ?"

"ಊರುಗೋಲು ಇರೋದೇ ಅದಕ್ಕಲ್ವಾ ತಾಯಿ?"

ಗುಮಾಸ್ತೆ ಪೆನ್ನಿನ ತುದಿ ಕಚ್ಚಿಕೊಂಡಳು. ನಿಯಮಾವಳಿಯ ಪುಸ್ತಕ ತೆರೆದಳು, ಮುಚ್ಚಿದಳು. ಕೊನೆಗೆ ಬರೆದಳು: 'ನೆನಪಿಸಿಕೊಳ್ಳುವುದು ನಿಯಮಗಳ ಪ್ರಕಾರ ಕೆಲಸವಲ್ಲ.' ಮೇಲಿನವರು ಒಲ್ಲದ ಮನಸ್ಸಿನಿಂದ ಒಪ್ಪಿ ಪಿಂಚಣಿ ಮುಂದುವರಿಸಿದರು. ಆದರೆ ಇನ್ನು ಮೇಲೆ ವಿಭಾಗದವರಿಗೆ ದಾರಿ ಹೇಳುವುದಿಲ್ಲ, ನಕ್ಷೆ ಬರೆದುಕೊಡುವುದಿಲ್ಲ ಎಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡರು.

ಕಚೇರಿಯ ಮೆಟ್ಟಿಲಿಳಿಯುತ್ತಾ ಗಂಡ, "ಹೆಂಡತಿ ಜೊತೆ ಮಾತಾಡಬಾರದು ಅಂತೇನೂ ಬರೆಸ್ಕೊಂಡಿಲ್ವಲ್ಲ" ಎಂದ.

ಅಂದು ಸಂಜೆಯೇ ಶುರುವಾಯಿತು. ಆಕೆ ಕಾರ್ಖಾನೆಯಿಂದ ಬಂದ ಮೇಲೆ ಇಬ್ಬರೂ ತಿರುಗಾಡಲು ಹೋಗುವುದು, ಆತ ಒಂದೊಂದು ತಿರುವಿನಲ್ಲೂ ನಿಂತು ನೆಲದಡಿ ಏನಿದೆ ಎಂದು ಹೇಳುವುದು, ಆಕೆ ಹೂಂಗುಟ್ಟುವುದು.

"ಬೇರೆಯವರ ಗಂಡಂದಿರು ಗಾಳಿ ತಿನ್ನೋಕೆ ಕರ್ಕೊಂಡು ಹೋಗ್ತಾರೆ. ನೀವು ಪೈಪು ತೋರಿಸ್ತೀರಿ."

"ಗಾಳಿ ಕಣ್ಣಿಗೆ ಕಾಣಲ್ವಲ್ಲ."

"ಪೈಪು ಕಾಣುತ್ತಾ?"

ನಕ್ಕು ನಕ್ಕು ಆತ ಗೋಡೆ ಹಿಡಿದುಕೊಂಡು ನಿಲ್ಲಬೇಕಾಯಿತು.

*

"ಒಡೆದಿರೋದು ಔಷಧಿ ಅಂಗಡಿ ಹತ್ರನಾ?" ಆಕೆ ಉದ್ದಣ್ಣನನ್ನು ಕೇಳಿದಳು.

"ಹೌದು."

"ಹಾಗಾದ್ರೆ ವಾಲ್ವು ಆ ರಸ್ತೇಲಿಲ್ಲ. ಮೇಲಿನ ಓಣೀಲಿದೆ."

ಎಲ್ಲರೂ ಆಕೆಯ ಮುಖ ನೋಡಿದರು. ಆಕೆಗೇ ಆಶ್ಚರ್ಯವಾಗಿತ್ತು. ಎದ್ದು ಚಪ್ಪಲಿ ಮೆಟ್ಟಿದಳು.

"ಅಮ್ಮಾ, ಈಗ ಹೊರಗೆ ಹೋದ್ರೆ ಜನ ಏನಂದಾರು?"

"ಜನಕ್ಕೂ ನೀರು ಬೇಕಲ್ಲ." ಬಾಗಿಲಲ್ಲಿ ತಿರುಗಿ, ದಿನಾ ಹೇಳುವ ಹಾಗೆ ಗಂಡನಿಗೆ, "ಈಗ ಬಂದೆ" ಎಂದಳು.

ಬಾಗಿಲ ಹೊರಗೆ ಪಿಂಚಣಿ ಶಾಖೆಯ ಆ ಗುಮಾಸ್ತೆ ನಿಂತಿದ್ದಳು. ಈಗ ಕೂದಲು ಅರ್ಧ ನೆರೆತಿತ್ತು. "ಕುಟುಂಬ ಪಿಂಚಣಿ ಅರ್ಜಿ ನಾನೇ ತಂದಿದೀನಿ. ನೀವು ಕಚೇರಿಗೆ ಅಲೆಯೋದು ಬೇಡ" ಎಂದಳು.

"ಅದು ಆಮೇಲೆ. ಬನ್ನಿ, ಮೊದಲು ಇದೊಂದು ಮುಗಿಸೋಣ."

ಓಣಿಯಲ್ಲಿ ಎಂಜಿನಿಯರು ಕಾಯುತ್ತಿದ್ದ. ಇನ್ನೂ ಚಿಕ್ಕ ವಯಸ್ಸು, ಕೆನ್ನೆಗೆ ಕೆಸರು ಹಾರಿತ್ತು. "ನಕ್ಷೇಲಿ ಇಲ್ಲಿ ಏನೂ ಇಲ್ಲಮ್ಮ" ಎಂದ.

ಸೈಕಲ್ ಅಂಗಡಿಯ ಎಡಗಂಬದಿಂದ ಐದು ಹೆಜ್ಜೆ, ನೇರ ಚರಂಡಿಯ ಕಡೆಗೆ. ಆಕೆ ಎಣಿಸಿ ನಿಂತಳು. ಆಳುಗಳು ಟಾರು ಒಡೆದು ಅಗೆದರು. ಮಣ್ಣು, ಮತ್ತೆ ಮಣ್ಣು. ಎಂಜಿನಿಯರು ಗಡಿಯಾರ ನೋಡಿಕೊಂಡ. ಆಕೆಯ ಮುಖಕ್ಕೆ ಬಿಸಿಯೇರಿತು. ಗಂಡನನ್ನು ಮನೆಯಲ್ಲಿ ಮಲಗಿಸಿಟ್ಟು ತಾನು ಇಲ್ಲಿ ಬೀದಿಯಲ್ಲಿ ನಿಂತು ಏನು ಮಾಡುತ್ತಿದ್ದೇನೆ ಅನ್ನಿಸಿತು.

ಆಮೇಲೆ ಹೊಳೆಯಿತು. ಐದು ಹೆಜ್ಜೆ ನಿಜ, ಆದರೆ ಯಾರ ಹೆಜ್ಜೆ? ಎರಡು ಊರುಗೋಲು ಮುಂದಕ್ಕೆ ಊರಿ, ಮೈಯನ್ನು ತೂಗಿ ಎಸೆದು ಇಡುವ ಹೆಜ್ಜೆ. ಆತನ ಜೊತೆ ನಡೆಯುವಾಗ ತಾನು ಒಂದಕ್ಕೆ ಒಂದೂವರೆ ಹಾಕಬೇಕಿತ್ತು.

ಆಕೆ ಸೀರೆ ಎತ್ತಿ ಹಿಡಿದು ಮತ್ತೆ ಕಂಬದಿಂದ ಹೊರಟಳು. ಈ ಸಲ ಏಳೂವರೆ. "ಇಲ್ಲಿ."

ಉದ್ದಣ್ಣ ತಾನೇ ಗುದ್ದಲಿ ಕಿತ್ತುಕೊಂಡ. ಹತ್ತನೆಯ ಏಟಿಗೆ ಕಬ್ಬಿಣ ಠಣ್ಣೆಂದಿತು. ಮುಚ್ಚಳ ಎಬ್ಬಿಸಿ ಉದ್ದನೆಯ ಕೀಲಿ ಹಾಕಿ ಇಬ್ಬರು ಆಳುಗಳು ತಿರುಗಿಸತೊಡಗಿದರು. ಕೆಳಗಿನ ರಸ್ತೆಯ ಭೋರ್ಗರೆತ ಸಣ್ಣಗಾಗುತ್ತಾ ಬಂದು ನಿಂತೇ ಹೋಯಿತು. ಯಾವುದೋ ಮಹಡಿಯ ಮೇಲೆ ಯಾರೋ ಚಪ್ಪಾಳೆ ಹೊಡೆದು, ಸಾವಿನ ಮನೆಯವರನ್ನು ಗುರುತು ಹಿಡಿದು ತಟ್ಟನೆ ಕೈ ಇಳಿಸಿದರು.

"ಅಮ್ಮ, ಬೇರೆ ವಾಲ್ವುಗಳೂ ನಿಮಗೆ ಗೊತ್ತಾ?" ಎಂಜಿನಿಯರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ಕೇಳಿದ.

"ಗೊತ್ತಿರಬೇಕು. ಇಪ್ಪತ್ತೆರಡು ವರ್ಷ ಕೇಳಿದೀನಿ."

"ಬರ್ಕೊಳ್ಳಿ ಸಾರ್, ಎಷ್ಟು ಬೇಕಾದ್ರೂ ಬರ್ಕೊಳ್ಳಿ" ಎಂದಳು ಗುಮಾಸ್ತೆ. "ಇವರು ನಮಗೆ ಯಾವ ಮುಚ್ಚಳಿಕೇನೂ ಕೊಟ್ಟಿಲ್ಲ."

ಮಧ್ಯಾಹ್ನ ಗಾಡಿ ಹೊರಟಿತು. ಆಕೆ ಗಂಡನ ಪಕ್ಕದಲ್ಲಿ, ಮಗಳು ಎದುರಿಗೆ. ಒದ್ದೆ ರಸ್ತೆಯ ಮೇಲೆ ಚಕ್ರಗಳು ಸದ್ದು ಮಾಡುತ್ತಿದ್ದವು. ಆಕೆ ಒಂದು ಕೈಯನ್ನು ಗಂಡನ ಎದೆಯ ಮೇಲಿಟ್ಟು ಕಿಟಕಿಯಾಚೆ ನೋಡುತ್ತಾ ಏನೋ ಗೊಣಗುತ್ತಿದ್ದಳು. ಪ್ರಾರ್ಥನೆಯಿರಬೇಕೆಂದು ಮಗಳು ಅಂದುಕೊಂಡಳು. ಆಮೇಲೆ ಬಾಗಿ ಕೇಳಿದಳು.

"ಏನಮ್ಮಾ?"

"ನಾಲ್ಕಿಂಚಿನ ಪೈಪು ಇಲ್ಲಿ ಬಲಕ್ಕೆ ಹೋಗುತ್ತೆ" ಎಂದಳು ಆಕೆ.

ಗಾಡಿಯೂ ಬಲಕ್ಕೆ ತಿರುಗಿತು.