ಶೈಲಶ್ರೀ ಎತ್ತಿಕೊಟ್ಟ ಚೆಂಡು

ಈ ಕಥೆ ಹೇಳುವ ಅಧಿಕಾರ ನನಗಿಲ್ಲ, ಕ್ಷಮಿಸಬೇಕು. ನಾನು ವಾಲಿಬಾಲ್ ಆಡಿದವನಲ್ಲ, ಜಪಾನಿನ ಕಾರ್ಟೂನನ್ನು ಪೂರ್ತಿ ನೋಡಿದವನೂ ಅಲ್ಲ. ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ಶೈಲಶ್ರೀಯ ಪಕ್ಕದ ಮನೆಯವನು, ಅಷ್ಟೇ.

ಆ ವರ್ಷ ಹೈಸ್ಕೂಲಿನ ಹುಡುಗಿಯರ ವಾಲಿಬಾಲ್ ತಂಡವೆಲ್ಲ ನಾಯಕಿ ಸುನಿತಾಳ ಮೊಬೈಲಿನಲ್ಲಿ ಒಂದೇ ಜಪಾನಿ ವಾಲಿಬಾಲ್ ಕಾರ್ಟೂನ್ ನೋಡುತ್ತಿತ್ತು. ಅದರಲ್ಲಿ ಆಡುವ ಪ್ರತಿ ಹುಡುಗಿಗೂ ಮನೆಯಲ್ಲೊಂದು ದುಃಖ. ಹೊಡೆಯಲು ಹಾರಿದವಳು ಗಾಳಿಯಲ್ಲೇ ನಿಂತು, ಅಪ್ಪ ಬಿಟ್ಟುಹೋದದ್ದು, ಅಮ್ಮ ಅತ್ತದ್ದು ಎಲ್ಲ ನೆನೆಯುತ್ತಾಳೆ. ಚೆಂಡು ಅಲ್ಲಿಯವರೆಗೆ ಮರ್ಯಾದೆಯಿಂದ ಕಾಯುತ್ತದೆ. ಆಟ ಕಲಿಸುವ ರೇವಣಪ್ಪ ಮಾಸ್ತರರಿಗೆ ಇದೊಂದು ತರಬೇತಿ ಪದ್ಧತಿಯಾಗಿ ಕಂಡಿತು.

"ಹಾರೂ ಮುಂದ ಮನಿ ದುಃಖ ನೆನಸ್ರಿ," ಎಂದರು.

"ನಮ್ಮನ್ಯಾಗ ಎಲ್ಲಾ ಚಲೋ ಅದರೀ ಸರ," ಎಂದಳು ಸುನಿತಾ, ತಪ್ಪೊಪ್ಪಿಕೊಳ್ಳುವವಳಂತೆ. "ನಾ ಏನು ನೆನಸಲಿ?"

"ಶೈಲಾಗ ಕೇಳು, ಒಂದೀಟು ಕೊಡ್ತಾಳ," ಎಂದರು ಮಾಸ್ತರರು.

ಶೈಲಶ್ರೀಯಲ್ಲಿ ದಾಸ್ತಾನಿತ್ತು. ಅವಳ ಅಪ್ಪ ಕಲ್ಲಿನಾಥ, ಅಮ್ಮ ಕಸ್ತೂರಿಬಾಯಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಲ್ಲಿನಾಥ ತನ್ನ ತಂಗಿಯ ಮದುವೆಯಲ್ಲಿ ಹೆಂಡತಿಯ ತಾಯಿಗೆ ಆಯೇರಿ ಮಾಡಿದ, ಅಂದರೆ ಉಡುಗೊರೆ ಕೊಟ್ಟ, ಸೀರೆ ತೀರ ತೆಳುವಾಗಿತ್ತು ಎಂಬುದು ಜಗಳದ ಮೂಲ. ಅಂದಿನಿಂದ ಒಂದೇ ಒಲೆ, ಒಂದೇ ಸೂರು. ಮಾತು ಮಾತ್ರ ಮಗಳ ಮೂಲಕ.

"ಶೈಲಾ, ನಿಮ್ಮಪ್ಪಗ ಕೇಳು, ರೊಟ್ಟಿ ಹಾಕ್ಲೇನು ಅಂತ."

"ಹಾಕಂತ ಹೇಳು ನಿಮ್ಮವ್ವಗ. ಪಲ್ಯದಾಗ ಉಪ್ಪಿಲ್ಲ ಅಂತನೂ ಹೇಳು."

ಅವಳು ಎರಡನ್ನೂ ಹೇಳುತ್ತಿದ್ದಳು, ಉಪ್ಪಿನದನ್ನು ಸ್ವಲ್ಪ ಮೆತ್ತಗೆ ಮಾಡಿ. ತಂಡದಲ್ಲೂ ಹೊಡೆಯುವವರಿಗೆ ಚೆಂಡು ಎತ್ತಿಕೊಡುವುದೇ ಅವಳ ಕೆಲಸ. "ಮನ್ಯಾಗ ಪ್ರಾಕ್ಟೀಸ್ ಆಗ್ಯದ ಬಿಡು," ಎಂದು ಸುನಿತಾ ನಗುತ್ತಿದ್ದಳು.

ತಂಡಕ್ಕೆ ಜೇವರ್ಗಿಯಲ್ಲಿ ಜಿಲ್ಲಾ ಪಂದ್ಯ ಬಂತು. ಎರಡು ದಿನ ಅಲ್ಲೇ ಇರಬೇಕು. ಚೆನ್ನಾಗಿ ಆಡಿದವರಿಗೆ ಕ್ರೀಡಾ ಹಾಸ್ಟೆಲ್. ಶೈಲಶ್ರೀಗೆ ಬೇಕಿದ್ದುದು ಅದೊಂದೇ.

ಗಂಡ ಹೆಂಡತಿ ಮೊದಲ ಸಲ ಒಮ್ಮತಕ್ಕೆ ಬಂದರು: ಹುಡುಗಿ ಹೋಗಬಾರದು. ಹೆಣ್ಣುಮಗಳು, ಪರ ಊರು ಎಂಬ ಕಾರಣವನ್ನೂ ಅವಳ ಬಾಯಿಂದಲೇ ಒಬ್ಬರಿಗೊಬ್ಬರು ಹೇಳಿಸಿದರು. ಅಸಲು ಕಾರಣವನ್ನು ಕಸ್ತೂರಿಬಾಯಿ ನಮ್ಮ ಮನೆಗೆ ಬಂದು ಹೇಳಿದಳು: "ಅಕಿ ಹೋದ್ರ, ಚಾ ಬೇಕೇನು ಅಂತ ನಾ ಅವರಿಗೆ ಯಾರ ಕೈಲಿ ಕೇಳಸ್ಲಿ?"

ಹಾಗಾದರೆ ಮಗಳ ಜೊತೆ ನೀವೂ ಬನ್ನಿ ಎಂದು ರೇವಣಪ್ಪ ಮಾಸ್ತರರು ಅವರಿಬ್ಬರನ್ನೂ ಜೇವರ್ಗಿಗೆ ಹೊರಡಿಸಿದರು. ಜೊತೆಗೆ ನನ್ನನ್ನೂ, ಬಸ್ಸಿನಲ್ಲಿ ಇಬ್ಬರ ನಡುವೆ ಕೂರಲು.

ಮೈದಾನದ ಆ ಕಡೆ ಅಪ್ಪ, ಈ ಕಡೆ ಅಮ್ಮ ಕೂತರು. ಆಟ ನಿಂತಾಗಲೆಲ್ಲ ಕೂಗು: "ಶೈಲಾ, ನಿಮ್ಮಪ್ಪಗ ಹೇಳು, ತಲಿಗೆ ಟವಲ್ ಹಾಕ್ಕೋ ಅಂತ." ಅವಳು ಓಡಿಹೋಗಿ ಹೇಳಿ ಬರುತ್ತಿದ್ದಳು. ರೆಫರಿ ಇದನ್ನು ಆಳಂದ ತಾಲ್ಲೂಕಿನ ತಂತ್ರವೆಂದುಕೊಂಡರು.

ಕೊನೆಯ ಸೆಟ್ಟಿನಲ್ಲಿ ಶೈಲಶ್ರೀ ಎತ್ತಿಕೊಟ್ಟ ಚೆಂಡಿಗೆ ಸುನಿತಾ ಹಾರಿದಳು, ಕಣ್ಣು ಮುಚ್ಚಿದಳು. ಜೇವರ್ಗಿಯ ಚೆಂಡು ಕಾಯಲಿಲ್ಲ, ಕೆಳಗೆ ಬಿತ್ತು.

"ಏನ್ ಮಾಡಾಕತ್ತಿದ್ದಿ ಬೇ?" ಎಂದಳು ಶೈಲಶ್ರೀ.

"ನಿಮ್ಮಪ್ಪ ಅವ್ವನ್ನ ನೆನಸಾಕತ್ತಿದ್ದೆ."

"ಅವರು ಅಲ್ಲೇ ಕುಂತಾರ. ನೀ ಚೆಂಡು ನೋಡು."

ಮುಂದಿನ ಚೆಂಡು ಬರುವಾಗಲೇ ಅಮ್ಮ ಕೂಗಿದಳು, "ಶೈಲಾ, ನಿಮ್ಮಪ್ಪಗ..."

"ನೀನ ಹೇಳ್ಕೋ," ಎಂದಳು ಶೈಲಶ್ರೀ, ತಿರುಗಿ ನೋಡದೆ. ಚೆಂಡು ಅವಳ ಬೆರಳಿಂದ ಸುನಿತಾಳ ಕೈಗೆ ನೆಟ್ಟಗೆ ಹೋಯಿತು. ಆಮೇಲೆ ಅಮ್ಮನೂ ಕೂಗಲಿಲ್ಲ, ಅವಳೂ ಓಡಲಿಲ್ಲ.

ಪಂದ್ಯ ಸೋತರು. ಆದರೆ ಹಾಸ್ಟೆಲಿಗೆ ಆರಿಸುವವರು ಶೈಲಶ್ರೀಯ ಹೆಸರು ಕರೆದರು. ಈಗ ಅವಳು ಅಲ್ಲಿದ್ದಾಳೆ, ಮನೆಯಲ್ಲಿ ಇಬ್ಬರೇ. ಅವರು ಮಾತಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಶೈಲಶ್ರೀಯ ಫೋನು ಬಂದಾಗ ಅವಳು ಕೇಳಿದರೆ, ಹೋಗಿ ನೋಡಿಬಂದು ತಿಳಿಸೋಣವೆಂದುಕೊಂಡಿದ್ದೆ. ಅವಳು ಕೇಳಲೇ ಇಲ್ಲ.