ನೀರಿನಡಿಯ ಆರನೇ ಕ್ರಾಸು

ನನ್ನ ತಮ್ಮ ಸಿದ್ದೇಶ್ ಮಾಡುತ್ತಿದ್ದ ಕಂಪ್ಯೂಟರ್ ಆಟದಲ್ಲಿ ಚಂದ್ರಾ ಲೇಔಟಿನ ನಮ್ಮ ಆರನೇ ಕ್ರಾಸು ಪೂರ್ತಿಯಾಗಿ ನೀರಿನಲ್ಲಿ ಮುಳುಗಿತ್ತು. ಮುಳುಗಿಸಿದವಳು ನಾನು. ಪ್ರೋಗ್ರಾಮು ಅವನದು, ಚಿತ್ರಗಳು ನನ್ನವು.

ನಾನು ಪ್ರಾಣಿಶಾಸ್ತ್ರ ಓದಿದವಳು. ಆಗ ಬಸವೇಶ್ವರನಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಪ್ರಾಕ್ಟಿಕಲ್ಸ್ ಮಾಡಿಸುತ್ತಿದ್ದೆ. ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯಲು ಒಂದು ಕಟ್ಟುನಿಟ್ಟು ಇದೆ. ಅಂಚಿಗೆ ಒಂದೇ ಗೆರೆ. ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜುವ ಹಾಗಿಲ್ಲ. ನೆರಳು ಬೇಕಾದಲ್ಲಿ ಚುಕ್ಕಿ ಇಡಬೇಕು, ಹೆಚ್ಚು ನೆರಳು ಬೇಕಾದರೆ ಹೆಚ್ಚು ಚುಕ್ಕಿ. ಜಿರಲೆಯ ಬಾಯಿಯ ಭಾಗಗಳನ್ನು ಬರೆದು ಪಳಗಿದ ಈ ಕೈಗೆ ಬೇರೆ ಶೈಲಿ ಬರುತ್ತಿರಲಿಲ್ಲ. ಬೀದಿಯನ್ನೂ ಹಾಗೆಯೇ ಬರೆದೆ. ಗೇಟಿನ ಗ್ರಿಲ್ಲುಗಳಿಗೆ ಪಾಚಿ ಸುತ್ತಿಕೊಂಡಿತ್ತು. ಟಾರ್ಪಾಲು ಹೊದ್ದ ಸ್ಕೂಟರಿನ ಅಡಿಯಿಂದ ಒಂದು ಮೀನಿನ ಮೀಸೆ ಮಾತ್ರ ಹೊರಗೆ ಕಾಣುತ್ತಿತ್ತು. ಕರೆಂಟ್ ತಂತಿಯ ಮೇಲೆ ಬಸವನಹುಳುಗಳು ಸಾಲಾಗಿ ಕೂತಿದ್ದವು. ಮನೆಗಳ ಮುಂದಿನ ರಂಗೋಲಿ ಅಷ್ಟು ನೀರಿನಲ್ಲೂ ಕರಗಿರಲಿಲ್ಲ. ಈ ಬೀದಿಯಲ್ಲಿ ಓಡಾಡುವವಳು ಯೂನಿಫಾರಂ ತೊಟ್ಟ ಒಬ್ಬ ಹುಡುಗಿ. ಅವಳಿಗೆ ಮುಖ ಬರೆದಿರಲಿಲ್ಲ. ಎರಡು ಜಡೆಗಳು ನೀರಿನಲ್ಲಿ ಮೇಲಕ್ಕೆ ತೇಲುತ್ತಿದ್ದವು.

ಸಿದ್ದೇಶ್‌ಗೆ ಮೊದಲು ಬೇಕಾಗಿದ್ದದ್ದು ಬಣ್ಣಬಣ್ಣದ ಮೀನಿನ ಆಟ. ನನ್ನ ಮೊದಲ ಹಾಳೆಯನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲೆ ನೋಡಿದವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಆಮೇಲೆ, "ಅಕ್ಕ, ಬೆನ್ನು ಜುಂ ಅಂತು. ಹಿಂಗೇ ಇರ್ಲಿ, ಬಣ್ಣ ಬೇಡ," ಎಂದ.

ಆಟದ ಒಗಟು ಕೂಡ ನನ್ನದೇ. ಪ್ರತಿ ಮನೆಯ ಬೀಗದ ಕೈ ಹೊರಗಿನ ಕೆಸರಿನಲ್ಲಿ ಬಿದ್ದಿರುತ್ತದೆ. ಹುಡುಗಿ ಹುಡುಕಲು ಕೈ ಹಾಕಿದರೆ ಕೆಸರು ಏಳುತ್ತದೆ, ತೆರೆ ತುಂಬ ನನ್ನ ಚುಕ್ಕಿಗಳೇ ತುಂಬಿ ಏನೂ ಕಾಣದಂತಾಗುತ್ತದೆ. ಮತ್ತೆ ಕ್ಲಿಕ್ ಮಾಡಿದರೆ ಇನ್ನಷ್ಟು ಕೆಸರು. ಮೌಸ್ ಅಲುಗಿದರೂ ಸಾಕು, ಇನ್ನಷ್ಟು. ಸುಮ್ಮನೆ ಬಿಟ್ಟರೆ ಮಾತ್ರ ಚುಕ್ಕಿಗಳು ಕೆಳಗೆ ಇಳಿಯುತ್ತವೆ. ಮಣ್ಣು ಕಲಸಿದ ನೀರನ್ನು ಗಾಜಿನ ಜಾಡಿಯಲ್ಲಿಟ್ಟಾಗ ಆಗುವಂತೆ ದಪ್ಪ ಕಣ ಮೊದಲು, ಸಣ್ಣ ಕಣ ಕೊನೆಗೆ. ಸಿದ್ದೇಶ್ ಪಾಪ, ಒಂದೊಂದು ಗಾತ್ರದ ಚುಕ್ಕಿಗೂ ಒಂದೊಂದು ವೇಗ ಕೊಟ್ಟು ಇದನ್ನು ನಾನು ಹೇಳಿದಂತೆಯೇ ಮಾಡಿದ್ದ.

ತೊಂದರೆ ಎಂದರೆ, ಆಡಲು ಕೂತವರು ಯಾರೂ ಸುಮ್ಮನೆ ಬಿಡುತ್ತಿರಲಿಲ್ಲ. ಆ ದಿನಗಳ ಕಂಪ್ಯೂಟರುಗಳು ಮಾತುಮಾತಿಗೆ ಹ್ಯಾಂಗ್ ಆಗುತ್ತಿದ್ದವು. ಹಾಗಾದಾಗ ಎಲ್ಲರಿಗೂ ಗೊತ್ತಿದ್ದ ಮದ್ದು ಒಂದೇ, ಇನ್ನೂ ಜೋರಾಗಿ ಕ್ಲಿಕ್ ಮಾಡುವುದು. ಸಿದ್ದೇಶನ ಆಫೀಸಿನ ಗೆಳೆಯರು ಸೋತು ಎದ್ದರು. ನನ್ನ ವಿದ್ಯಾರ್ಥಿಗಳೂ ಸೋತರು. ಇಂಥ ಆಟಗಳನ್ನು ಎಲ್ಲರಿಗೂ ಪುಕ್ಕಟೆ ಆಡಲು ಹಾಕುವ ಒಂದು ವಿದೇಶಿ ವೆಬ್‌ಸೈಟಿಗೆ ಭಾನುವಾರ ಸಂಜೆಯೊಳಗೆ ಕಳಿಸಬೇಕಿತ್ತು. ಸಿದ್ದೇಶ್ ಒಂದು ಉಪಾಯ ಮಾಡಿದ. ಕೆಸರು ಎದ್ದ ಕೂಡಲೇ ಮಿನುಗುವ ಒಂದು ಹಳದಿ ಬಾಣ, ಪಕ್ಕದಲ್ಲಿ ಮೌಸ್ ಬಿಡಿ ಎಂಬ ಸೂಚನೆ. ಅದನ್ನು ಹಾಕಿ ತೋರಿಸಿದ. ತಿಂಗಳುಗಟ್ಟಲೆ ಚುಕ್ಕಿ ಇಟ್ಟು ಕತ್ತಲು ಮಾಡಿದ ಬೀದಿ ಬಟ್ಟೆ ಅಂಗಡಿಯ ರಿಯಾಯಿತಿ ಬೋರ್ಡಿನಂತೆ ಕಂಡಿತು. ನನಗೆ ಅಳುವೇ ಬಂತು, ತೋರಿಸಿಕೊಳ್ಳಲಿಲ್ಲ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಭಾನುವಾರದೊಳಗೆ ಒಬ್ಬರಾದರೂ ಯಾರೂ ಹೇಳಿಕೊಡದೆ ಬೀಗ ತೆಗೆದರೆ ಬಾಣ ಬೇಡ. ಇಲ್ಲದಿದ್ದರೆ ಬಾಣ. ಇಬ್ಬರೂ ಸುಳಿವು ಕೊಡುವ ಹಾಗಿಲ್ಲ.

ಶನಿವಾರ ಸಂಜೆ ನಮ್ಮ ಮಹಡಿ ರೂಮಿನ ಬಾಡಿಗೆಯವನಾದ ಅಮರೇಶ ಕೂತ. ಲಿಂಗಸುಗೂರಿನ ಹುಡುಗ, ಕೊರಿಯರ್ ಕಂಪನಿಯಲ್ಲಿ ಕೆಲಸ. ಹುಡುಗಿಯನ್ನು ಗೇಟಿನವರೆಗೂ ಸಲೀಸಾಗಿ ನಡೆಸಿದ. ಕೈ ಹಾಕಿದ. ಕೆಸರೆದ್ದಿತು.

"ಅಕ್ಕಾರ, ಇದು ನಿಂತೈತ್ರಿ."

"ನಿಂತಿಲ್ಲ, ಆಡಪ್ಪ."

"ಏನ್ ಆಡ್ಲಿರಿ, ಎಲ್ಲಾ ಕರ್ರಗಾಗೇತಿ. ಲೇ ಸಿದ್ದೇಶ, ನಿನ್ನ ಮೌಸಿನ್ಯಾಗ ಕಸ ಕುಂತೈತಿ ನೋಡಲೇ."

ಮೌಸನ್ನು ಬೋರಲು ಹಾಕಿ, ಅಡಿಯ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರ್ ಚೆಂಡನ್ನು ತೆಗೆದು ಲುಂಗಿಗೆ ಉಜ್ಜತೊಡಗಿದ. ಚೆಂಡಿಲ್ಲದ ಮೌಸಿನಿಂದ ಅಷ್ಟು ಹೊತ್ತು ಕಂಪ್ಯೂಟರಿಗೆ ಯಾವ ಅಲುಗಾಟವೂ ತಲುಪಲಿಲ್ಲ. ತೆರೆಯ ಮೇಲೆ ದಪ್ಪ ಚುಕ್ಕಿಗಳು ಇಳಿಯಲು ಶುರುವಾದವು. ಗೇಟಿನ ತುದಿ ಕಂಡಿತು. ನಾನು ನೋಡುತ್ತಿದ್ದೆ. ಅಮರೇಶ ನೋಡಲಿಲ್ಲ. ಚೆಂಡನ್ನು ಊದಿ, ಮತ್ತೆ ಒಳಗೆ ಹಾಕಿ, ಟಪಟಪನೆ ಕ್ಲಿಕ್ ಮಾಡಿದ. ಗೇಟು ಮತ್ತೆ ಮಾಯವಾಯಿತು. ಆಮೇಲೆ ಕೀಬೋರ್ಡಿನ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ ಆಟವನ್ನೇ ಮುಚ್ಚಿಬಿಟ್ಟ.

"ಚಿತ್ರ ಏನ್ ಭಾರಿ ತಗದೀರಿ ಅಕ್ಕಾರ," ಎಂದ ಏಳುತ್ತಾ. "ಆದ್ರ ಅಂಜಿಕಿ ಬರ್ತೈತ್ರಿ. ಇನ್ಮ್ಯಾಗ ಬಚ್ಚಲಕ್ಕ ಹೋದ್ರೂ ಆ ಹುಡುಗಿ ಜಡಿ ನೆನಪಾಗ್ತಾವ."

ಅವನು ಮೆಟ್ಟಿಲು ಹತ್ತಿದ ಮೇಲೆ ಸಿದ್ದೇಶ್ ನನ್ನ ಕಡೆ ತಿರುಗಿದ. "ನೋಡಿದ್ಯಾ ಅಕ್ಕ? ಬಾಣ ಹಾಕ್ತೀನಿ."

"ನಾಳೆ ಸಾಯಂಕಾಲದ ತನಕ ಟೈಮಿದೆ."

"ನಾಳೆ ಯಾರನ್ನ ಕೂರಿಸ್ತೀಯ? ಹಾಲಿನವನನ್ನಾ?"

ಭಾನುವಾರ ಬೆಳಿಗ್ಗೆ ಎದುರುಮನೆಯ ಅಂಜನಮ್ಮ ಹೆಪ್ಪಿಗೆ ಸ್ವಲ್ಪ ಮೊಸರು ಕೇಳಲು ಬಟ್ಟಲು ಹಿಡಿದು ಬಂದರು. ಲೇಔಟ್ ಆದ ಹೊಸದರಲ್ಲೇ ಮನೆ ಕಟ್ಟಿಕೊಂಡವರು. ಅವರ ಯಜಮಾನರು ದೊಡ್ಡಹನುಮಯ್ಯನವರು ಬಟ್ಟೆ ಮಿಲ್ಲಿನಲ್ಲಿದ್ದು ರಿಟೈರ್ ಆಗಿದ್ದರು. ನಾನು ಮೊಸರು ಹಾಕಿಕೊಂಡು ಬರುವಷ್ಟರಲ್ಲಿ ಅಂಜನಮ್ಮ ನಮ್ಮ ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದರು.

"ಇದು ನಮ್ಮ ಗೇಟಲ್ವೇನೇ ಕಲಾ?"

ಅವರದೇ. ಗ್ರಿಲ್ಲಿನ ತಾವರೆ ಹೂವಿನಲ್ಲಿ ಒಂದು ಎಸಳು ಬಗ್ಗಿದೆ, ಅವರ ಮಗ ಬೈಕು ಕಲಿಯುವಾಗ ಗುದ್ದಿದ್ದು. ಅದನ್ನೂ ನಾನು ಬಿಡದೆ ಬರೆದಿದ್ದೆ.

"ನಮ್ಮನೆ ಯಾಕೆ ಮುಳುಗಿಸಿದ್ಯಾ?"

"ನಮ್ಮನೇನೂ ಮುಳುಗಿದೆ ಆಂಟಿ, ಈ ಕಡೆ ನೋಡಿ."

"ನಿಮ್ದು ಬೇಕಾದ್ರೆ ಮುಳುಗಿಸ್ಕೋ. ಕೇಳ್ದೆ ನಮ್ದು ಮುಳುಗಿಸೋದಾ?" ಎಂದು ಇನ್ನೂ ಹತ್ತಿರ ಬಗ್ಗಿದರು. "ಒಳಗೇನು ಬರ್ದಿದ್ಯಾ?"

ಸಿದ್ದೇಶ್ ಕುರ್ಚಿ ಎಳೆದು ಕೊಟ್ಟ. "ಬೀಗ ತೆಗೆದ್ರೆ ಕಾಣ್ಸುತ್ತೆ ಆಂಟಿ. ಬೀಗದ ಕೈ ಹುಡುಕಿ ನೀವೇ ತೆಗೀರಿ."

ಅವರು ಅಲ್ಲಿಯವರೆಗೆ ಮೌಸ್ ಮುಟ್ಟಿದವರಲ್ಲ. ಇಸ್ತ್ರಿಪೆಟ್ಟಿಗೆಯಂತೆ ಗಟ್ಟಿಯಾಗಿ ಹಿಡಿದರು. ಸಿದ್ದೇಶ್ ಹೇಳಿಕೊಟ್ಟದ್ದು ಹುಡುಗಿಯನ್ನು ನಡೆಸುವುದನ್ನು ಮಾತ್ರ. ಗೇಟಿನ ಹತ್ತಿರ ಹೋಗಲು ಬಹಳ ಹೊತ್ತು ಹಿಡಿಯಿತು, ಹುಡುಗಿ ಎರಡು ಸಲ ಸ್ಕೂಟರಿಗೆ ಗುದ್ದಿದಳು. ಕೊನೆಗೆ ಕೆಸರಿಗೆ ಕೈ ಹಾಕಿದರು.

"ಥೂ, ಎಲ್ಲಾ ರಾಡಿ ಆಗೋಯ್ತು." ಮತ್ತೆ ಒತ್ತಿದರು. ಮತ್ತೆ. "ಕೆಟ್ಟೋಯ್ತೇನೋ ನಿನ್ನ ಕಂಪ್ಯೂಟ್ರು?"

"ಇಲ್ಲ ಆಂಟಿ, ಚೆನ್ನಾಗಿದೆ."

ಅವರು ಒತ್ತುತ್ತಲೇ ಇದ್ದರು. ಸಿದ್ದೇಶ್ ನನ್ನ ಕಡೆ ನೋಡಿ ಹುಬ್ಬು ಏರಿಸಿದ. ನಾನು ಕಿಟಕಿಯ ಕಡೆ ತಿರುಗಿದೆ.

ಆಗ ಎದುರುಮನೆಯ ಕಾಂಪೌಂಡಿನಿಂದ ದೊಡ್ಡಹನುಮಯ್ಯನವರ ದನಿ ಕೇಳಿಸಿತು. "ಅಂಜನಾ, ನೀರು ಬಂತು."

ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಇಂಥ ಹೊತ್ತೆಂದು ಇರಲಿಲ್ಲ. ಆ ಮಾತು ಕೇಳಿದ ಮೇಲೆ ಯಾರೂ ಕೂತಲ್ಲಿ ಕೂರುತ್ತಿರಲಿಲ್ಲ. ಅಂಜನಮ್ಮ ಮೌಸ್ ಬಿಟ್ಟು ಎದ್ದರು. ಸಿದ್ದೇಶ್ ನಮ್ಮ ಸಂಪಿನ ಮುಚ್ಚಳ ತೆಗೆಯಲು ಓಡಿದ. ಅಂಜನಮ್ಮನ ಮನೆಗೆ ಸಂಪು ಇರಲಿಲ್ಲ. ಗುಂಡಿಯೊಳಗಿನ ನಲ್ಲಿಯಿಂದ ಬಿಂದಿಗೆಗೆ ಹಿಡಿದು ಡ್ರಮ್ಮು ತುಂಬಬೇಕು, ಅವರಿಗೆ ಸೊಂಟನೋವು. ಹಾಗಾಗಿ ನಾನೂ ಹೋದೆ.

ಅವರು ತುಂಬಿಸಿ ಕೊಡುವುದು, ನಾನು ಸುರಿಯುವುದು. ನಡುವೆ ಒಮ್ಮೆ ಬಿಂದಿಗೆಯನ್ನು ನನ್ನ ಕೈಗೆ ಕೊಡದೆ ತಡೆದು ಹಿಡಿದರು.

"ಬೀಗದ ಕೈ ಎಲ್ಲಿಟ್ಟಿದ್ಯಾ? ಹೇಳ್ಬಿಡು. ಅವನಿಗೇನು ಗೊತ್ತಾಗುತ್ತೆ?"

ಸಿದ್ದೇಶ್ ರಸ್ತೆಯ ಆಚೆ ಸಂಪಿನೊಳಗೆ ತಲೆ ತೂರಿಸಿದ್ದ. ಡ್ರಮ್ಮಿಗೆ ನೀರು ಬೀಳುವ ಸದ್ದಿನಲ್ಲಿ ನಾನು ಏನು ಹೇಳಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಒಂದು ಮಾತು ಸಾಕಾಗಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ. ಆದರೆ ಪರೀಕ್ಷೆಯ ದಿನ ವಿದ್ಯಾರ್ಥಿಯ ಸೂಕ್ಷ್ಮದರ್ಶಕವನ್ನು ನಾನೇ ಸರಿಮಾಡಿ ಕೊಟ್ಟರೆ ಅವನಿಗೆ ಕಂಡದ್ದೇನು ಎಂದು ನನಗೆ ಎಂದೂ ತಿಳಿಯುವುದಿಲ್ಲ. ನನಗೆ ಬಾಣ ಹೋಗುವುದಷ್ಟೇ ಬೇಕಿರಲಿಲ್ಲ. ಚಿತ್ರವೊಂದೇ ಸಾಕಾಗುತ್ತದೆಯೇ ಎಂದು ಗೊತ್ತಾಗಬೇಕಿತ್ತು.

"ಹೇಳೋ ಹಾಗಿಲ್ಲ ಆಂಟಿ. ಪಂದ್ಯ ಇದೆ."

"ಏನು ಪಂದ್ಯ?"

"ಯಾರೂ ಬೀಗ ತೆಗೀದಿದ್ರೆ ಅವನು ನನ್ನ ಚಿತ್ರದ ಮೇಲೆ ಹಳದಿ ಬಾಣ ಹಾಕ್ತಾನೆ, ದಾರಿ ತೋರ್ಸೋಕೆ."

"ನಮ್ಮನೆಗೆ ನಂಗೆ ದಾರಿ ತೋರಿಸ್ತಾನಾ ಅವನು?" ಎಂದು ಬಿಂದಿಗೆ ಕೊಟ್ಟು, ಸೆರಗು ಬಿಗಿದು ಕಟ್ಟಿದರು. "ಬೇಗ ಸುರಿ, ಹೋಗೋಣ."

ಡ್ರಮ್ಮು ತುಂಬಿದ ಮೇಲೆ ಮೂವರೂ ಒದ್ದೆ ಕಾಲಿನಲ್ಲೇ ಒಳಗೆ ಬಂದೆವು. ತೆರೆಯ ಮೇಲೆ ಬೀದಿ ತಿಳಿಯಾಗಿತ್ತು. ಅಂಜನಮ್ಮನ ರಂಗೋಲಿಯ ಪಕ್ಕದಲ್ಲಿ ಬೀಗದ ಕೈ ಹೊಳೆಯುತ್ತಿತ್ತು.

"ಇಲ್ಲೇ ಐತಲ್ಲ," ಎಂದು ಅವರು ಅದನ್ನು ಒತ್ತಿದರು. ಗೇಟು ತೆರೆಯಿತು.

ಸಿದ್ದೇಶ್ ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದ. "ಇದು ಲೆಕ್ಕಕ್ಕಿಲ್ಲ ಅಕ್ಕ. ನೀರು ಬಂದಿದ್ದಕ್ಕೆ ಎದ್ದು ಹೋದ್ರು. ಅವರು ಕಂಡುಹಿಡಿದಿದ್ದಲ್ಲ."

ಅವನ ಮಾತು ಸರಿಯಾಗಿತ್ತು. ತಾನಾಗಿ ಆದದ್ದು ಒಂದು ಸಲ ಆಗಬಹುದು. ಅದರಿಂದ ಏನೂ ತೀರ್ಮಾನ ಮಾಡುವಂತಿಲ್ಲ.

"ಒಳಗೆ ಮುಂಬಾಗಿಲಿಗೂ ಬೀಗ ಇದೆ," ಎಂದೆ. "ಅದನ್ನ ತೆಗೆದ್ರೆ?"

ಅವನು ಯೋಚಿಸಿದ. "ತೆಗೆದ್ರೆ ಬಾಣ ಇಲ್ಲ. ಖಂಡಿತ."

ಅಷ್ಟರಲ್ಲಿ ಅಂಜನಮ್ಮ ಹುಡುಗಿಯನ್ನು ಮುಂಬಾಗಿಲ ಪಕ್ಕದ ತುಳಸಿಕಟ್ಟೆಯವರೆಗೂ ತಂದಿದ್ದರು. ಕೈ ಹಾಕಿದರು, ಕೆಸರೆದ್ದಿತು. ಇನ್ನೊಮ್ಮೆ ಒತ್ತಿದರು, ತೆರೆ ಇನ್ನೂ ಕಪ್ಪಾಯಿತು. ಮತ್ತೆ ಒತ್ತಲು ಎತ್ತಿದ ಬೆರಳು ಅಲ್ಲೇ ನಿಂತಿತು. ಅವರು ತೆರೆಯನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು.

"ಆಗ ನಾನು ನೀರಿಗೆ ಹೋದಾಗ ಯಾರಾದ್ರೂ ಇದನ್ನ ಮುಟ್ಟಿದ್ರೇನೋ?"

ಸಿದ್ದೇಶ್ ತಡವರಿಸಿದ. ಸುಳ್ಳು ಹೇಳುವ ಹುಡುಗನಲ್ಲ. "ಇಲ್ಲ ಆಂಟಿ. ಯಾರೂ ಇರ್ಲಿಲ್ಲ."

ಅಂಜನಮ್ಮ ಮೌಸಿನಿಂದ ಕೈಯನ್ನು ಮೆಲ್ಲನೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಿದ್ದೇಶ್ ಮೇಜಿಗೆ ಒರಗಲು ಹೋದಾಗ, "ಅಲ್ಲಾಡ್ಸಬೇಡ ಕಣೋ, ಕೂರ್ಲಿ ಅದು," ಎಂದರು.

ದಪ್ಪ ಚುಕ್ಕಿಗಳು ಮೊದಲು ಇಳಿದವು. ಬಾಗಿಲಿನ ಮೇಲ್ಭಾಗ, ತೋರಣದ ಒಣ ಎಲೆಗಳು ಕಂಡವು. ಆಮೇಲೆ ನಡುವಿನ ಗಾತ್ರದವು. ಹುಡುಗಿಯ ಜಡೆಗಳು, ಹೆಗಲು, ಅವಳ ಪಕ್ಕದಲ್ಲಿ ಒಂದು ಸಣ್ಣ ಮೀನು. ಅತಿ ಸಣ್ಣ ಚುಕ್ಕಿಗಳು ಹೊಗೆಯಂತೆ ಬಹಳ ಹೊತ್ತು ನಿಂತವು. ನಾನು ಒಂದೊಂದಾಗಿ ಇಟ್ಟ ಚುಕ್ಕಿಗಳು ಒಂದೊಂದಾಗಿ ನೆಲ ಸೇರುವುದನ್ನು, ಬೇರೊಬ್ಬರು ಅದಕ್ಕಾಗಿ ಕಾಯುತ್ತಾ ಕೂತಿರುವುದನ್ನು ಅದೇ ಮೊದಲ ಸಲ ನೋಡಿದೆ. ತುಳಸಿಕಟ್ಟೆಯ ಬುಡದಲ್ಲಿ ಬೀಗದ ಕೈ ಕಂಡಿತು.

"ಹ್ಞಾಂ," ಎಂದರು ಅಂಜನಮ್ಮ. ಅಷ್ಟೇ.

ಸಿದ್ದೇಶ್ ಅವರ ಹಿಂದಿನಿಂದ ನನ್ನ ಕಡೆ ನೋಡಿ ತಲೆ ಆಡಿಸಿದ. ಅವರು ಎದ್ದ ಮೇಲೆ ಮೊದಲ ಕೆಲಸವಾಗಿ ಬಾಣದ ಫೈಲನ್ನು ಅಳಿಸಿಯೂ ಹಾಕಿದ, ನನ್ನ ಕಣ್ಣೆದುರಿಗೇ. ಆದರೆ ಅಂಜನಮ್ಮ ಅಷ್ಟು ಬೇಗ ಏಳಲಿಲ್ಲ. ಬಾಗಿಲು ತೆಗೆದು, ನಡುಮನೆ ದಾಟಿ, ತಮ್ಮ ಅಡುಗೆಮನೆಗೆ ಹೋಗಿದ್ದರು. ಅಲ್ಲಿ ಸ್ಟೀಲ್ ಡಬ್ಬಗಳ ಸಾಲಿನಿಂದ ಸಣ್ಣ ಮೀನುಗಳು ಇಣುಕುತ್ತಿದ್ದವು, ಸ್ಟವ್ ಮೇಲೆ ಒಂದು ಏಡಿ ಕಾಲು ಮಡಿಸಿ ಕೂತಿತ್ತು. ಅವರು ಒಂದೊಂದನ್ನೂ ನೋಡಿದರು.

"ಗ್ರೈಂಡರ್ ಅಲ್ಲಿಲ್ಲ ಕಣೇ ನಮ್ಮನೇಲಿ. ಕಿಟಕಿ ಪಕ್ಕ ಇರೋದು."

ನಾನು ಅವರ ಅಡುಗೆಮನೆಯೊಳಗೆ ಸರಿಯಾಗಿ ಕಾಲಿಟ್ಟವಳಲ್ಲ, ಅಂದಾಜಿನ ಮೇಲೆ ಬರೆದಿದ್ದೆ.

"ಆಂಟಿ, ಇದು ನೀರಿನಡಿ," ಎಂದ ಸಿದ್ದೇಶ್. "ಅಲ್ಲಿ ಕರೆಂಟೇ ಇಲ್ಲ."

"ಕರೆಂಟ್ ಇಲ್ಲ ಅಂದ್ರೆ ಗ್ರೈಂಡರ್ ಎದ್ದು ಜಾಗ ಬದಲಾಯ್ಸುತ್ತಾ?"

ನಾನು ಕಪಾಟಿನಿಂದ ಹೊಸ ಹಾಳೆ ತೆಗೆದಿದ್ದೆ. ಸಿದ್ದೇಶ್ ಅದನ್ನು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡ. "ಅಕ್ಕ, ಇವತ್ತೇ ಕಳಿಸ್ಬೇಕು. ಅಮೆರಿಕಾದವನಿಗೆ ಆಂಟಿ ಗ್ರೈಂಡರ್ ಎಲ್ಲಿದ್ರೆ ಏನು?"

"ಸಾಯಂಕಾಲಕ್ಕೆ ಇನ್ನೂ ಹೊತ್ತಿದೆ. ನೀನು ಸ್ಕ್ಯಾನರ್ ರೆಡಿ ಇಟ್ಟಿರು."

ಹಾಳೆ, ರಟ್ಟು, ಪೆನ್ಸಿಲ್ ಹಿಡಿದು ಅಂಜನಮ್ಮನ ಹಿಂದೆ ರಸ್ತೆ ದಾಟಿದೆ. ಅಡುಗೆಮನೆಯ ಬಾಗಿಲಲ್ಲಿ ಅವರು ನನ್ನನ್ನು ತಡೆದರು.

"ಅಲ್ಲೇ ಕೂತ್ಕೋ. ಒರೆಸಿಬಿಡ್ತೀನಿ. ಅಮೆರಿಕಾದವರೆಲ್ಲ ನೋಡ್ತಾರೆ ಅಂದ್ನಲ್ಲ ನಿನ್ನ ತಮ್ಮ."

"ಯಾರು ಬರ್ತಾ ಇರೋದು?" ಎಂದು ನಡುಮನೆಯಿಂದ ದೊಡ್ಡಹನುಮಯ್ಯನವರು ಕೇಳಿದರು.

"ಯಾರೂ ಇಲ್ಲ. ಕಾಲು ಎತ್ತಿ ಸ್ವಲ್ಪ."

ಡಬ್ಬಗಳನ್ನು ಇಳಿಸಿ ಒರೆಸಿದರು, ಮತ್ತೆ ಏರಿಸಿದರು. ಗ್ರೈಂಡರಿನ ಮೇಲಿನ ಬಟ್ಟೆ ತೆಗೆದು, ಕಲ್ಲಿಗೆ ಅಂಟಿದ್ದ ಹಳೆಯ ಹಿಟ್ಟನ್ನು ಉಗುರಿನಿಂದ ಕೆರೆದರು. ನೆಲ ಒಣಗುವವರೆಗೂ ಒಳಗೆ ಬರಕೂಡದು ಎಂದರು. ನಾನು ಹೊಸ್ತಿಲಿನ ಈಚೆ ಕೂತು, ರಟ್ಟನ್ನು ಮಂಡಿಯ ಮೇಲೆ ಇಟ್ಟುಕೊಂಡು, ಗ್ರೈಂಡರಿನ ಅಂಚಿಗೆ ಒಂದು ಗೆರೆ ಎಳೆದೆ.