ನಂಬರಿಲ್ಲದ ರೂಪಾಯಿ

“ಏ, ಬಿಡಲೇ ಅದನ್ನ! ಹೆಣದ ಹಣಿಮ್ಯಾಲಿನ ರೂಪಾಯಿನೂ ಬಿಡಾಂವಲ್ಲ ಈ ಮಗಾ!”

ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದ ಶಿವಯೋಗಿಯ ಕೈ ಹಗ್ಗದ ಮೇಲೆಯೇ ನಿಂತಿತು. ಕೂಗಿದವನು ಸತ್ತ ಗುದ್ಲೆಪ್ಪನ ಅಳಿಯ ಹುಲಗೇಶ. ದುಂಡಸಿಯಿಂದ ಆಗಷ್ಟೇ ಬಂದಿಳಿದಿದ್ದ, ಇನ್ನೂ ಕಾಲು ತೊಳೆದಿರಲಿಲ್ಲ. ಅಂಗಳದಲ್ಲಿ ಕುಳಿತಿದ್ದ ಓಣಿಗೆ ಓಣಿಯೇ ತಿರುಗಿ ನೋಡಿತು. ಭಜನೆಯವರ ತಾಳ ಒಂದು ಪೆಟ್ಟು ತಪ್ಪಿತು.

“ಮೂರು ಲಕ್ಷದ ರೂಪಾಯಿ ಒಯ್ದು ಬದಲಿ ಮಾಡ್ಕೊಂಡು ಬಂದಾಂವ ಇವನ! ಇವನ ಹೆಗಲು ನಮ್ಮ ಮಾವಗ ಬ್ಯಾಡ.”

ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು, ಹಿರೇಕೆರೂರಿನ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಮೊಬೈಲ್ ರಿಪೇರಿಗೆ ಕುಳಿತ ಶಿವಯೋಗಿ ಸಿಟ್ಟಿಗೆ ಹೆಸರಾದವನು. ಬೇರೆ ದಿನವಾಗಿದ್ದರೆ ಹುಲಗೇಶ ತನ್ನ ಅಂಗಿಯ ಗುಂಡಿಗಳನ್ನು ಅಂಗಳದಲ್ಲಿ ಹುಡುಕಬೇಕಾಗುತ್ತಿತ್ತು. ಇವತ್ತು ಗುದ್ಲೆಪ್ಪ ಕಾಕಾ ಎದುರಿಗೇ ಕುಳಿತಿದ್ದ. ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಮೂವತ್ತು ವರ್ಷ ಹಾವೇರಿ ಬಸ್ಸಿನ ಕಂಡಕ್ಟರಾಗಿದ್ದವನ ಕಿವಿಯ ಹಿಂದೆ ಇವತ್ತು ಪೆನ್ನಿರಲಿಲ್ಲ.

ಹೋದ ವಾರವಷ್ಟೇ ಕಾಕಾ ದವಾಖಾನೆಯಲ್ಲಿ ಶಿವಯೋಗಿಯ ಮುಂದೆ ನಕ್ಕಿದ್ದ. “ಮಗಾ ಇಲ್ಲದಾಂವ ನಾ. ಮುಂದಿನ ಹೆಗಲು ನಿಂದ ನೋಡ. ಬಸ್ಸಿನಾಗ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಂಗ ಈಗಿಂದ ಹಿಡದಿಡು.”

*

ಆ ರೂಪಾಯಿ ಸಿಕ್ಕಿದ್ದು ಸಂತೆಯಲ್ಲಿ, ಹಳೇ ಹಿತ್ತಾಳೆ ಮಾರುವ ದಾವಲಬಿಯ ಚೀಲದಲ್ಲಿ. 1939ರ ಬೆಳ್ಳಿ ರೂಪಾಯಿ, ಕರ್ರಗೆ ಕಿಲುಬು ಹಿಡಿದಿತ್ತು.

“ಈ ಇಸವಿದು ಸಿಗೂದ ಅಪರೂಪ. ಖೋಟಾನೂ ಭಾಳ ಅದಾವ,” ಎಂದ ಗುದ್ಲೆಪ್ಪ.

“ಮತ್ತ ಪರೀಕ್ಷಾ ಮಾಡಿ, ಎಷ್ಟು ಚಲೋ ಐತಿ ಅಂತ ನಂಬರ್ ಹಾಕಿ, ಪ್ಲಾಸ್ಟಿಕ್ ಡಬ್ಬಿಯೊಳಗ ಮುಚ್ಚಿ ಕೊಡತಾರಲ್ಲ ಕಾಕಾ, ಅಂಥಾದ್ದ ತಗೋರಿ. ಮೋಸ ಇರೂದಿಲ್ಲ.”

“ಡಬ್ಬಿಯೊಳಗಿನ ನಾಣ್ಯ ಅಂದ್ರ ಗಾಜಿನ ಆಚೆ ಕುಂತ ಕನ್ಯಾ ನೋಡಿದಂಗಲೇ. ಕೈಯಾಗ ಹಿಡೀದ ಹೆಂಗ ಗೊತ್ತಾಗಬೇಕು?”

ಅವನು ಜೀವನವಿಡೀ ಬಿಡಿ ನಾಣ್ಯವನ್ನೇ ಕೊಂಡವನು, ತನ್ನ ಕಣ್ಣನ್ನೇ ನಂಬಿ. ಈ ಸಲ ಕೈಯಲ್ಲಿ ದುಡ್ಡಿರಲಿಲ್ಲ. ಹೆಂಡತಿ ಅನ್ನವ್ವ ಕಿವಿಯ ಬೆಂಡವಾಲಿ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. “ರೊಕ್ಕ ಬಂದಾಗ ಮಾಡಿಸಿ ಕೊಡ್ರಂತ,” ಎಂದಳು. ಅವತ್ತಿನಿಂದ ಅವಳ ಕಿವಿಯ ತೂತಿನಲ್ಲಿ ಕಸಬರಿಗೆಯ ಕಡ್ಡಿ.

ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಭೂತಗನ್ನಡಿ ಹಿಡಿದು ನೋಡಿ, ಡಬ್ಬಿಯೊಳಗೆ ನಂಬರು ಹಾಕಿಸಿಕೊಂಡು ಬಂದರೆ ಮೂರು ಲಕ್ಷ ಎಂದ. ದೀಪಾವಳಿಯ ಮರುದಿನ ಅನ್ನವ್ವ ರೂಪಾಯಿಯನ್ನು ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಶಿವಯೋಗಿ ಬಿಚ್ಚಿಯೂ ನೋಡದೆ ಪರೀಕ್ಷೆಗೆ ಕಳಿಸಿದ.

ಡಬ್ಬಿ ಬಂದದ್ದು ಅವನ ಅಂಗಡಿಗೇ. ಗುದ್ಲೆಪ್ಪನ ಮನೆಗೆ ಓಡಿ, ಪಡಸಾಲೆಯಲ್ಲಿ ನಿಂತು, ಒಳಗಿನ ಇಂಗ್ಲಿಷ್ ಚೀಟಿಯನ್ನು ಅಕ್ಷರ ಕೂಡಿಸಿ ಓದಿದ.

“ಅಸಲೀ ಐತಿ ಕಾಕಾ! ಮತ್ತ… ಕ್ಲೀನ್ಡ್… ಕ್ಲೀನ್ ಐತಂತ! ಸ್ವಚ್ಛ ಐತಂತ!”

ಗುದ್ಲೆಪ್ಪ ನಗಲಿಲ್ಲ. “ನಂಬರ್ ಎಲ್ಲೈತಿ?”

“ನಂಬರ್… ಇಲ್ಲ.”

“ತೊಳದಾರ ಅಂತ ಬರದಾರಲೇ. ತೊಳದದ್ದಕ್ಕ ನಂಬರ್ ಹಾಕೂದಿಲ್ಲ. ತಿಕ್ಕಿದ ನಾಣ್ಯದ ಬೆಲಿ ಹೋದಂಗ.”

ಒಳಗಿನಿಂದ ಅನ್ನವ್ವನ ದನಿ ಕೇಳಿತು. “ಬಂತೇನ್ರಿ? ಲಕ್ಷ್ಮೀಪೂಜಿಗೆ ಇಡೂ ಮುಂದ ಹುಣಸಿಹಣ್ಣು, ಬೂದಿ ಹಚ್ಚಿ ಎಷ್ಟು ತಿಕ್ಕೇನಿ ಅದನ್ನ! ಕನ್ನಡಿ ಆಗೇತಿ ನೋಡ್ರಿ!”

ಗುದ್ಲೆಪ್ಪ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. “ಹೂಂ, ಚಲೋ ಮಾಡಿದಿ,” ಎಂದು ಒಳಗೆ ಕೂಗಿದ. ಆಮೇಲೆ ದನಿ ತಗ್ಗಿಸಿದ. “ಬೆಂಡವಾಲಿ ಹೋದ್ದಕ್ಕ ಒಂದಿನಾ ಅತ್ತಾಕಿ ಅಲ್ಲ. ಇದು ಗೊತ್ತಾದ್ರ ಸಾಯೂತನಾ ತನ್ನ ಕೈ ತಾನ ಬೈಕೋಂತ ಕುಂದರತಾಳ. ಹೇಳಬ್ಯಾಡ. ನಾ ಸತ್ತರೂ ಹೇಳಬ್ಯಾಡ.”

ಹುಬ್ಬಳ್ಳಿಯವನು ಒಲ್ಲೆ ಎಂದ. ಯಾಕೆ ಎಂದು ಗುದ್ಲೆಪ್ಪ ಯಾರಿಗೂ ಹೇಳಲಿಲ್ಲ. ಕಾರಣ ಸಿಗದ ಊರು ತಾನೇ ಒಂದು ಕಾರಣ ಹುಡುಕಿಕೊಂಡಿತು.

*

ಹುಲಗೇಶನ ಕೂಗಿಗೆ ಅನ್ನವ್ವ ಹೊರಗೆ ಬಂದಳು. ಒಂದು ಕೈಯಲ್ಲಿ ಆ ಡಬ್ಬಿ, ಇನ್ನೊಂದರಲ್ಲಿ ಸಣ್ಣ ಬಟ್ಟಲು. ಗಂಡನ ಹಣೆಗೆ ಹಚ್ಚುವ ರೂಪಾಯಿ ಇದೇ ಆಗಬೇಕೆಂದಳು.

“ಒಡಿ ಶಿವಯೋಗಿ. ಡಬ್ಬಿಯೊಳಗಿಂದು ಅವರಿಗೆ ಸೇರತಿದ್ದಿಲ್ಲ.”

ಶಿವಯೋಗಿ ಗುಂಡುಕಲ್ಲು ತಂದು ಎರಡು ಪೆಟ್ಟು ಹಾಕಿದ. ಪ್ಲಾಸ್ಟಿಕ್ ಸೀಳಿತು. ರೂಪಾಯಿಯ ಜೊತೆ ಆ ಚೀಟಿಯೂ ಉದುರಿತು. ಅಸಲಿ ಎಂದು ಅದರಲ್ಲೇ ಬರೆದಿತ್ತು, ತೊಳೆದದ್ದು ಎಂದೂ. ಯಾರ ಕಣ್ಣಿಗೂ ಬೀಳುವ ಮೊದಲು ಅವನು ಅದನ್ನು ಮುದುಡಿ ಕಿಸೆಗೆ ಹಾಕಿಕೊಂಡ.

ಅನ್ನವ್ವ ರೂಪಾಯಿಯನ್ನು ಬಟ್ಟಲಲ್ಲಿ ಅದ್ದಿದಳು. ಹುಣಸೆಹುಳಿ. ಹೆಬ್ಬೆರಳಿನಿಂದ ತಿಕ್ಕತೊಡಗಿದಳು, ಮಗುವಿನ ಮುಖ ತೊಳೆಸುವಷ್ಟು ಮೆತ್ತಗೆ. ಸೆರಗಿನಿಂದ ಒರೆಸಿ ಗಂಡನ ಹಣೆಗೆ ಹಚ್ಚಿದಳು. ಬಿಸಿಲು ಬಿದ್ದು ಅದು ಝಗ್ಗನೆ ಹೊಳೆಯಿತು.

“ನೋಡ್ರಿ, ನೋಡ್ರಿ!” ಹುಲಗೇಶ ಎದ್ದು ನಿಂತ. “ಎಂಬತ್ತು ವರ್ಷದ ಬೆಳ್ಳಿ ಹಿಂಗ ಹೊಳೀತೈತೇನ್ರಿ? ಅಸಲೀದು ಎಲ್ಲಿ ಮಾರಿದಿ, ಹೇಳಲೇ!”

ಅನ್ನವ್ವ ಶಿವಯೋಗಿಯ ಕಡೆ ತಿರುಗಿದಳು. “ಯಪ್ಪಾ, ನಾ ನಿನ್ನ ಕಳ್ಳ ಅನ್ನೂದಿಲ್ಲ. ಆದ್ರ ಅವರು ನನಗೂ ಹೇಳಲಿಲ್ಲ. ಏನು ಕುಂದಿತ್ತು ಅದಕ್ಕ? ಇವರ ಮುಂದ ಹೇಳಿಬಿಡು, ಹೆಗಲು ಕೊಡು.”

ಒಂದೇ ಮಾತು. ಅದು ಅವನ ಹಲ್ಲಿನ ಹಿಂದೆಯೇ ಇತ್ತು. ಅವನು ಅವಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಹುಣಸೆಯ ನಾರು ಸಿಕ್ಕಿಕೊಂಡಿತ್ತು.

ಹೆಗಲ ಮೇಲಿನ ಟವೆಲ್ಲು ತೆಗೆದ. ನಾಲ್ಕು ಮಡಿಕೆ ಮಾಡಿ ವಿಮಾನದ ಮುಂದಿನ ಗಳುವಿನ ಮೇಲೆ ಹಾಕಿದ. ಮಂದಿಯ ನಡುವೆ ದಾರಿ ಮಾಡಿಕೊಂಡು, ಹಿಂದಿನಿಂದ ಹುಲಗೇಶ ಕೂಗುತ್ತಲೇ ಇದ್ದರೂ ತಿರುಗದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.